ಭೂಪಟಗಳ ಅಂಕೀಕರಣ: ವಾಣಿಜ್ಯ ತಂತ್ರಾಂಶ ಮತ್ತು ಮುಕ್ತ ತಂತ್ರಾಂಶಗಳ ಚರಿತ್ರವಿಮರ್ಶೆ

೧. ವಿಷಯಪ್ರವೇಶ

ಪ್ರಾಚೀನ ಗ್ರಂಥಗಳ ಶೋಧನೆಯಲ್ಲಿ ತೊಡಗಿದವರಿಗೆಲ್ಲ ಒಂದು ಸಂಗತಿಯು ಅನುಭವಸಿದ್ಧವಾಗಿದೆ. ಗ್ರಂಥವು ಉಳಿಯುವುದು ತನ್ನ ಗುಣದಿಂದ ಮಾತ್ರವಲ್ಲ, ಪ್ರತಿಮಾಡುವವರ ಕೈಯಿಂದಲೂ ಅಹುದು. ಓಲೆಯು ಹುಳುಬಿದ್ದು ಹೋಗುವುದಕ್ಕೆ ಮೊದಲು ಅಕ್ಷರಗಳು ಮತ್ತೊಂದು ಓಲೆಗೆ ಇಳಿದರೆ ಗ್ರಂಥವುಳಿಯಿತು. ಇಳಿಯದಿದ್ದರೆ ಕವಿಚರಿತೆಯಲ್ಲಿ ಹೆಸರೊಂದೇ ಉಳಿಯಿತು. ಭೂಪಟಗಳಿಗೂ ಈ ನ್ಯಾಯವೇ ಸಲ್ಲುವುದು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಸರ್ವೆಯನ್ನು ಕೈಕೊಂಡನು. ವಿಲಿಯಂ ಲ್ಯಾಂಬ್ಟನ್ನನು ೧೮೦೦ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದು, ೧೮೦೨ರಲ್ಲಿ ಮದರಾಸಿನ ಬಳಿ ಮತ್ತೊಂದನ್ನು ಅಳೆದು, ಭಾರತದ ಮಹಾತ್ರಿಕೋನಮಿತಿಗೆ ಅಸ್ತಿಭಾರವನ್ನಿಟ್ಟನು. ಅಂದಿನಿಂದ ಬೆಳೆದುಬಂದ ಪಟಗಳ ರಾಶಿಯೇ ನಮ್ಮ ಶಾಸನಗಳಲ್ಲಿ ಬರುವ ನಾಡು, ಹೋಬಳಿ, ಹಳ್ಳಿಗಳ ಹೆಸರುಗಳನ್ನು ನೆಲದ ಮೇಲೆ ಗುರುತಿಸುವುದಕ್ಕೆ ಮುಖ್ಯವಾದ ಸಾಧನವು.

ಆ ಕಾಗದದ ಪಟಗಳನ್ನು ಗಣಕಯಂತ್ರವು ಓದಬಲ್ಲ ಅಂಕೆಗಳ ರೂಪಕ್ಕೆ ತರುವ ಕಾರ್ಯಕ್ಕೆ ಅಂಕೀಕರಣವೆಂದು ಹೆಸರು. ಅದಕ್ಕೆ ಬೇಕಾದ ತಂತ್ರಾಂಶಗಳು ಎರಡು ಬಗೆ. ಹಣಕೊಟ್ಟು ಲೈಸೆನ್ಸು ಪಡೆಯತಕ್ಕವು ಕೆಲವು. ಯಾರು ಬೇಕಾದರೂ ಪಡೆದು, ಒಳಗನ್ನು ನೋಡಿ, ತಿದ್ದಿ, ಇತರರಿಗೆ ಹಂಚಬಹುದಾದವು ಕೆಲವು. ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಬೆಲೆಯ ಪಟ್ಟಿಯನ್ನು ನೋಡಿ ಉತ್ತರ ಹೇಳುವುದು ವಾಡಿಕೆ. ಆದರೆ ಇದು ಮೂಲತಃ ಚರಿತ್ರೆಯ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಪ್ರಕೃತ ಲೇಖನದಲ್ಲಿ ವಿದ್ವಾಂಸರ ಪರಿಶೀಲನೆಗೆ ಒಪ್ಪಿಸುತ್ತೇನೆ. ನಾನು ಯಂತ್ರಶಾಸ್ತ್ರವನ್ನು ಕಲಿತವನಲ್ಲ. ಪಾಠಶಾಲೆಯಲ್ಲಿ ವ್ಯಾಕರಣ ಸಾಹಿತ್ಯಗಳನ್ನು ಓದಿದವನು. ಶಾಸನಸ್ಥಳಗಳ ವಿಚಾರವು ನನ್ನನ್ನು ಈ ದಾರಿಗೆ ಎಳೆದುತಂದಿತು.

೨. ಅಂಕೀಕರಣದ ಸ್ವರೂಪ

ಮೊದಲು ಕಾರ್ಯದ ಸ್ವರೂಪವನ್ನು ತಿಳಿಯತಕ್ಕುದು. ಆರಂಭಕಾಲದಲ್ಲಿ ಪಟವನ್ನು ಡಿಜಿಟೈಸರ್ ಎಂಬ ಮೇಜಿನ ಮೇಲೆ ಅಂಟಿಸುತ್ತಿದ್ದರು. ಮೇಜಿನ ಮೈಯೊಳಗೆ ಸೂಕ್ಷ್ಮವಾದ ತಂತಿಗಳ ಜಾಲವಿರುವುದು. ಗುಂಡಿಗಳುಳ್ಳ ಒಂದು ಕೈಗುರುತನ್ನು ರೇಖೆಯ ಮೇಲೆ ನಡೆಸುತ್ತ, ತಿರುವುಬಂದಲ್ಲೆಲ್ಲ ಗುಂಡಿಯನ್ನೊತ್ತಿದರೆ ಆ ಸ್ಥಾನದ ಎರಡು ಅಂಕೆಗಳು ದಾಖಲಾಗುವುವು. ಅನಂತರ ಬಂದ ಕ್ರಮದಲ್ಲಿ ಪಟವನ್ನು ಸ್ಕ್ಯಾನ್ ಮಾಡಿ, ಅದರ ಚಿತ್ರವನ್ನು ಪರದೆಯ ಮೇಲಿಟ್ಟು, ಮೌಸಿನಿಂದ ರೇಖೆಗಳನ್ನು ಅನುಸರಿಸುವರು. ಚಿತ್ರದಲ್ಲಿರುವ ಕಪ್ಪುರೇಖೆಯನ್ನು ಯಂತ್ರವೇ ಹಿಡಿದು ಹೋಗುವ ಕ್ರಮವು ಮೂರನೆಯದು.

ಈ ಮೂರು ಕ್ರಮಗಳಲ್ಲಿಯೂ ಲೇಖಕಪ್ರಮಾದಗಳುಂಟು. ಒಂದು ಹೊಳೆಯು ಮತ್ತೊಂದನ್ನು ಸೇರುವುದಕ್ಕೆ ಮೊದಲೇ ರೇಖೆಯು ನಿಂತುಬಿಡುವುದು ನಮ್ಮ ಅಕ್ಷರಲೋಪದಂತೆ. ಸೇರಬೇಕಾದ ಬಿಂದುವನ್ನು ದಾಟಿ ಮುಂದೆ ಚಾಚುವುದು ಅಧಿಕಾಕ್ಷರದಂತೆ. ಎರಡು ಗ್ರಾಮಗಳ ನಡುವಣ ಒಂದೇ ಎಲ್ಲೆಯನ್ನು ಎರಡು ಸಲ ಎಳೆದು, ನಡುವೆ ಯಾರಿಗೂ ಸೇರದ ಸಣ್ಣ ಸೀಳುನೆಲವೊಂದನ್ನು ಹುಟ್ಟಿಸುವುದು ಪುನರಾವೃತ್ತಿಯಂತೆ. ಓಲೆಗರಿಯ ದೋಷಗಳನ್ನು ಬಲ್ಲವನಿಗೆ ಇವುಗಳಲ್ಲಿ ಯಾವುದೂ ಹೊಸದಾಗಿ ಕಾಣುವುದಿಲ್ಲ.

ಪ್ರಮಾದಕ್ಕೆ ಪ್ರಮಾಣವೂ ಉಂಟು. ಮೈಲಿಗೊಂದಿಂಚು ಎಂಬ ಹಳೆಯ ಪಟದಲ್ಲಿ ೧ ಅಳತೆಯು ನೆಲದ ಮೇಲೆ ೬೩,೩೬೦ ಅಳತೆಯಾಗುವುದು. ಅರ್ಧ ಮಿಲಿಮೀಟರು ಕೈ ತಪ್ಪಿದರೆ ನೆಲದ ಮೇಲೆ ೩೧ ಮೀಟರಿಗೂ ಮೀರಿದ ತಪ್ಪಾಯಿತು. ೧:೫೦,೦೦೦ದ ಪಟದಲ್ಲಿ ಅದೇ ತಪ್ಪು ೨೫ ಮೀಟರು. ಒಂದು ವೀರಗಲ್ಲು ಕೆರೆಯ ಏರಿಯ ಈಚೆಗಿತ್ತೋ ಆಚೆಗಿತ್ತೋ ಎಂಬ ವಿವಾದದಲ್ಲಿ ಇಷ್ಟು ತಪ್ಪು ಅಲ್ಪವಲ್ಲ.

೩. ಆದಿಕಾಲ

ಈ ವಿದ್ಯೆಯು ಹುಟ್ಟಿದ್ದು ಕೆನಡಾ ದೇಶದಲ್ಲಿ. ಅಲ್ಲಿಯ ಸರ್ಕಾರವು ತನ್ನ ಭೂಮಿಯಲ್ಲಿ ಕೃಷಿಗೆ, ಅರಣ್ಯಕ್ಕೆ, ವನ್ಯಪ್ರಾಣಿಗಳಿಗೆ ಯಾವ ನೆಲವು ತಕ್ಕುದೆಂದು ಗೊತ್ತುಮಾಡುವ ದೊಡ್ಡ ಎಣಿಕೆಯನ್ನು ೧೯೬೦ರ ದಶಕದಲ್ಲಿ ಕೈಕೊಂಡಿತು. ನೋಡಬೇಕಾದ ನೆಲವು ಸುಮಾರು ಹತ್ತು ಲಕ್ಷ ಚದರ ಮೈಲಿ. ಅಷ್ಟು ಪಟಗಳನ್ನು ಒಂದರ ಮೇಲೊಂದಿಟ್ಟು ಕೈಯಿಂದ ಅಳೆಯುವುದು ಅಸಾಧ್ಯವೆಂದು ತಿಳಿದು ರೋಜರ್ ಟಾಮ್ಲಿನ್ಸನ್ನನು ಗಣಕದ ಮಾರ್ಗವನ್ನು ಸೂಚಿಸಿದನು. ಪಟಗಳನ್ನು ಉರುಳೆಗೆ ಸುತ್ತಿ ಓದುವ ಸ್ಕ್ಯಾನರು ಅದಕ್ಕಾಗಿಯೇ ಐಬಿಎಂ ಸಂಸ್ಥೆಯಿಂದ ನಿರ್ಮಿತವಾಯಿತು. ಹೀಗೆ ಆದಿಯಲ್ಲಿ ಅಂಕೀಕರಣವು ಕೊಳ್ಳುವ ಮಾರುವ ವಸ್ತುವಾಗಿರಲಿಲ್ಲ. ರಾಜ್ಯವು ತನ್ನ ಕಾರ್ಯಕ್ಕಾಗಿ ಮಾಡಿಸಿಕೊಂಡ ಉಪಕರಣವಾಗಿದ್ದಿತು.

ಮುಂದೆ ಈ ಪ್ರವಾಹವು ಕವಲೊಡೆಯಿತು. ಜಾಕ್ ಮತ್ತು ಲಾರಾ ಡೇಂಜರ್‌ಮಂಡ್ ದಂಪತಿಗಳು ೧೯೬೯ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್ ಎಂಬಲ್ಲಿ ಎಸ್ರಿ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲು ಅದು ಭೂಬಳಕೆಯ ವಿಷಯದಲ್ಲಿ ಸಲಹೆ ಕೊಡುವ ಸಂಸ್ಥೆಯಾಗಿದ್ದು, ೧೯೮೨ರಲ್ಲಿ ಆರ್ಕ್‌ಇನ್ಫೊ ಎಂಬ ತಂತ್ರಾಂಶವನ್ನು ಮಾರಾಟಕ್ಕೆ ತಂದಿತು. ಅದೇ ೧೯೮೨ರಲ್ಲಿ ಇಲಿನಾಯ್ ಪ್ರಾಂತ್ಯದ ಶಾಂಪೇನ್ ನಗರದಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ ನಿರ್ಮಾಣವಿದ್ಯೆಯ ಸಂಶೋಧನಾಲಯದಲ್ಲಿ ಗ್ರಾಸ್ ಎಂಬ ತಂತ್ರಾಂಶದ ಕೆಲಸವು ಮೊದಲಾಯಿತು. ಒಂದೇ ವರ್ಷದಲ್ಲಿ ಎರಡು ಶಾಖೆಗಳು ತಲೆಯೆತ್ತಿದ್ದು ಗಮನಾರ್ಹವು.

೪. ಗ್ರಾಸ್ ತಂತ್ರಾಂಶದ ಅನುಭವ

ಸೈನ್ಯದ ವಶದಲ್ಲಿರುವ ವಿಶಾಲಭೂಮಿಗಳನ್ನು ಪರಿಸರಕ್ಕೆ ಕೇಡಾಗದಂತೆ ನೋಡಿಕೊಳ್ಳುವುದು ಗ್ರಾಸಿನ ಉದ್ದೇಶವಾಗಿತ್ತು. ಅಮೆರಿಕದ ಕಾಯಿದೆಯಂತೆ ಕೇಂದ್ರಸರ್ಕಾರದ ನೌಕರರು ತಮ್ಮ ಕರ್ತವ್ಯದಲ್ಲಿ ಬರೆದುದಕ್ಕೆ ಗ್ರಂಥಸ್ವಾಮ್ಯವಿಲ್ಲ. ಆದುದರಿಂದ ಗ್ರಾಸಿನ ಮೂಲಲಿಪಿಯು ಹುಟ್ಟಿನಿಂದಲೇ ಸಾರ್ವಜನಿಕವಾಗಿದ್ದಿತು. ವಿಶ್ವವಿದ್ಯಾನಿಲಯಗಳೂ ಇತರ ಇಲಾಖೆಗಳೂ ಅದನ್ನು ಪಡೆದು ತಮ್ಮ ತಮ್ಮ ಭಾಗಗಳನ್ನು ಸೇರಿಸುತ್ತ ಬಂದುವು.

೧೯೯೦ರ ದಶಕದ ನಡುವಿನಲ್ಲಿ ಆ ಸಂಶೋಧನಾಲಯವು ಈ ಕಾರ್ಯವನ್ನು ಕೈಬಿಟ್ಟಿತು. ವ್ಯಾಪಾರದ ವಸ್ತುವಾಗಿದ್ದರೆ ಗ್ರಾಸ್ ಅಲ್ಲಿಗೇ ಮುಗಿಯುತ್ತಿದ್ದಿತು. ಆದರೆ ಮಾತೃಕೆಯು ಅನೇಕರ ಮನೆಗಳಲ್ಲಿದ್ದಿತು. ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾನಿಲಯದವರು ಅದನ್ನು ಎತ್ತಿಕೊಂಡರು. ಜರ್ಮನಿಯ ಹ್ಯಾನೋವರಿನಲ್ಲಿ ಮಾರ್ಕುಸ್ ನೆಟೆಲರ್ ಎಂಬ ವಿದ್ವಾಂಸನು ಅದರ ಭಾರವನ್ನು ಹೊತ್ತನು. ೧೯೯೯ರ ಅಕ್ಟೋಬರಿನಲ್ಲಿ ಗ್ರಾಸ್ ತಂತ್ರಾಂಶವು ಜಿಪಿಎಲ್ ಎಂಬ ಲೈಸೆನ್ಸಿನಡಿಗೆ ಬಂದಿತು.

ಈ ಲೈಸೆನ್ಸಿನ ತತ್ತ್ವವನ್ನು ಸಂಕ್ಷೇಪವಾಗಿ ಹೇಳಬೇಕು. ರಿಚರ್ಡ್ ಸ್ಟಾಲ್ಮನ್ನನು ೧೯೮೯ರಲ್ಲಿ ಇದನ್ನು ಪ್ರಕಟಿಸಿದನು. ಪಡೆದವನು ಬಳಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ತಾನು ತಿದ್ದಿದ್ದನ್ನು ಹಂಚುವಾಗ, ಪಡೆಯುವವನಿಗೂ ಈ ನಾಲ್ಕು ಅಧಿಕಾರಗಳನ್ನೇ ಕೊಡಬೇಕು. ಹಣ ತೆಗೆದುಕೊಳ್ಳಬಾರದೆಂಬ ನಿಷೇಧವು ಇದರಲ್ಲಿಲ್ಲ. ಆದುದರಿಂದ ‘ಪುಕ್ಕಟೆ’ ಮತ್ತು ‘ಮುಕ್ತ’ ಎಂಬ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ದೋಷ.

೫. ಒಂದೇ ತಂತ್ರಾಂಶದ ಎರಡು ಅವಸ್ಥೆಗಳು

ಈ ಭೇದವನ್ನು ತೋರಿಸುವುದಕ್ಕೆ ಇಲ್ವಿಸ್ ಎಂಬ ತಂತ್ರಾಂಶಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಏಕೆಂದರೆ ಒಂದೇ ಕೃತಿಯು ಮೊದಲು ವಾಣಿಜ್ಯವಾಗಿದ್ದು ಅನಂತರ ಮುಕ್ತವಾಯಿತು. ನೆದರ್ಲೆಂಡ್ಸ್ ದೇಶದ ಎನ್ಸ್‌ಖೆಡೆ ನಗರದಲ್ಲಿರುವ ಐಟಿಸಿ ಎಂಬ ವಿದ್ಯಾಸಂಸ್ಥೆಯು ೧೯೫೦ರಲ್ಲಿ ಡೆಲ್ಫ್ಟ್ ನಗರದಲ್ಲಿ ಸ್ಥಾಪಿತವಾಗಿ, ಪರದೇಶಗಳ ವಿದ್ಯಾರ್ಥಿಗಳಿಗೆ ಭೂಮಾಪನವಿದ್ಯೆಯನ್ನು ಕಲಿಸುತ್ತ ಬಂದಿತು. ನಮ್ಮ ಡೆಹ್ರಾಡೂನಿನಲ್ಲಿ ೧೯೬೬ರಲ್ಲಿ ಮೊದಲಾಗಿ, ಈಗ ದೂರಸಂವೇದಿ ಸಂಸ್ಥೆಯೆಂದು ಪ್ರಸಿದ್ಧವಾಗಿರುವ ವಿದ್ಯಾಲಯವು ಈ ಐಟಿಸಿಯ ಮಾದರಿಯನ್ನು ಅನುಸರಿಸಿಯೇ ಹುಟ್ಟಿತು.

ಐಟಿಸಿಗೆ ೧೯೮೪ರ ಕೊನೆಯಲ್ಲಿ ಡಚ್ಚರ ವಿದೇಶಾಂಗ ಮಂತ್ರಾಲಯದಿಂದ ಧನಸಹಾಯವು ದೊರಕಿತು. ಭೂಬಳಕೆ, ಜಲಾನಯನ ಪ್ರದೇಶಗಳ ವಿಚಾರಕ್ಕೆ ಒಂದು ಗಣಕಸಾಧನವನ್ನು ಮಾಡುವುದು ಅದರ ಉದ್ದೇಶ. ೧೯೮೮ರ ಕೊನೆಯಲ್ಲಿ ಇಲ್ವಿಸಿನ ಮೊದಲ ಆವೃತ್ತಿಯು ಹೊರಬಂದಿತು. ಎರಡು ವರ್ಷಗಳ ಮೇಲೆ ಅದನ್ನು ವ್ಯಾಪಾರಕ್ಕಿಟ್ಟರು. ೧೯೯೬ರಲ್ಲಿ ವಿಂಡೋಸಿಗೆ ತಕ್ಕ ಎರಡನೆಯ ಆವೃತ್ತಿಯೂ ೨೦೦೧ರಲ್ಲಿ ಮೂರನೆಯದೂ ಬಂದುವು. ೨೦೦೪ರ ಜನವರಿ ೧ರಂದು ಒಂದು ತಿಂಗಳು ಪರೀಕ್ಷಿಸಿ ನೋಡುವ ಅವಕಾಶವನ್ನು ಕೊಟ್ಟರು. ೨೦೦೭ರ ಜುಲೈ ೧ರಿಂದ ಮೂಲಲಿಪಿಸಹಿತವಾಗಿ ಜಿಪಿಎಲ್ ಲೈಸೆನ್ಸಿನಲ್ಲಿ ಅದನ್ನು ಲೋಕಕ್ಕೆ ಒಪ್ಪಿಸಿದರು.

ಇಲ್ಲಿ ಮೂರು ಅವಸ್ಥೆಗಳನ್ನು ನೋಡಬಹುದು: ಕೊಳ್ಳುವುದು, ರುಚಿನೋಡುವುದು, ಒಡೆಯನಾಗುವುದು. ಎರಡನೆಯ ಅವಸ್ಥೆಯಲ್ಲಿ ಬೆಲೆಯು ಒಂದು ತಿಂಗಳ ಮಟ್ಟಿಗೆ ಮಾತ್ರ ಇಲ್ಲವಾಯಿತು. ಮೂಲಲಿಪಿಯ ಮೇಲಣ ಅಧಿಕಾರವು ಬಳಕೆದಾರನಿಗೆ ಬರಲಿಲ್ಲ. ಮೂರನೆಯದರಲ್ಲಿ ಆ ಅಧಿಕಾರವೇ ಬಂದಿತು. ಗೆರೆ ಎಳೆಯುವ ಕ್ರಮವು ಮೂರರಲ್ಲಿಯೂ ಸರಿಸುಮಾರಾಗಿ ಅದೇ. ಆದುದರಿಂದ ವಾಣಿಜ್ಯ ಮುಕ್ತಗಳ ಭೇದವು ಕೈಚಳಕದ ಭೇದವಲ್ಲ, ಸ್ವಾಮ್ಯದ ಭೇದವೆಂದು ಸಿದ್ಧವಾಯಿತು. ಬಾಗಿಲನ್ನು ತೆರೆದ ಮಾತ್ರಕ್ಕೆ ಮನೆ ತುಂಬುವುದೆಂದು ತಿಳಿಯಲಾಗದು. ಬಂದು ವಾಸಮಾಡುವವರೂ ಬೇಕು.

ಅಂಥ ಬಳಗವನ್ನು ಪಡೆದ ತಂತ್ರಾಂಶವು ಕ್ಯೂಜಿಐಎಸ್. ಅಲಾಸ್ಕಾದ ಗ್ಯಾರಿ ಶೆರ್ಮನ್ ಎಂಬಾತನು ೨೦೦೨ರಲ್ಲಿ, ಲಿನಕ್ಸ್ ಯಂತ್ರದಲ್ಲಿ ಭೂದತ್ತಾಂಶಗಳನ್ನು ನೋಡುವುದಕ್ಕೆ ತಕ್ಕ ಸಾಧನವು ತನಗೆ ಬೇಕೆಂದು ಅದನ್ನು ಬರೆಯತೊಡಗಿದನು. ೨೦೦೯ರಲ್ಲಿ ೧.೦ ಎಂಬ ಆವೃತ್ತಿಯು ಹೊರಬಂದಿತು. ಗ್ರಾಸಿನ ಉಪಕರಣಗಳನ್ನು ತನ್ನೊಳಗಿನಿಂದಲೇ ನಡೆಸುವ ಶಕ್ತಿಯು ಅದಕ್ಕಿರುವುದರಿಂದ, ಹಳೆಯ ಶಾಖೆಯ ಸತ್ತ್ವವು ಹೊಸದರಲ್ಲಿ ಹರಿಯಿತು.

೬. ಕಾರ್ಯದಲ್ಲಿ ತಾರತಮ್ಯ

ಇನ್ನು ಕಾರ್ಯಕ್ರಮದಲ್ಲಿ ಇವುಗಳ ತಾರತಮ್ಯವನ್ನು ನೋಡೋಣ.

ಮೊದಲನೆಯದು ಪಟವನ್ನು ಭೂಮಿಗೆ ಕೂಡಿಸುವುದು. ಪಟದಲ್ಲಿಯೂ ನೆಲದಲ್ಲಿಯೂ ಗೊತ್ತಾಗಿರುವ ಬಿಂದುಗಳನ್ನು ಹೊಂದಿಸಬೇಕು. ಸರಳವಾದ ಪರಿವರ್ತನೆಗೆ ಕನಿಷ್ಠ ೩ ಬಿಂದುಗಳು, ಎರಡನೆಯ ಘಾತಕ್ಕೆ ೬, ಮೂರನೆಯದಕ್ಕೆ ೧೦ ಬೇಕು. ಈ ಗಣಿತವು ಎಸ್ರಿಯವರ ತಂತ್ರಾಂಶದಲ್ಲಿಯೂ ಕ್ಯೂಜಿಐಎಸ್‌ನಲ್ಲಿಯೂ ಒಂದೇ. ಹಳೆಯ ಭಾರತೀಯ ಪಟಗಳು ಎವರೆಸ್ಟನ ಭೂಗೋಲಮಾನವನ್ನು ಅನುಸರಿಸಿದವು. ಇಂದಿನ ಉಪಗ್ರಹಗಳ ಮಾನವು ಬೇರೆ. ಇವೆರಡರ ಭೇದವನ್ನು ಗಮನಿಸದಿದ್ದರೆ ಹಳ್ಳಿಯು ನೂರಾರು ಅಡಿಗಳಷ್ಟು ಸರಿದು ಕೂಡುವುದು. ಇದನ್ನು ಎರಡು ಪಕ್ಷದವೂ ತಿದ್ದಬಲ್ಲವು; ತಿದ್ದಬೇಕೆಂಬುದನ್ನು ತಿಳಿಯುವ ಹೊಣೆಯು ಮನುಷ್ಯನದು.

ಎರಡನೆಯದು ರೇಖೆಯ ಅನುಸರಣ. ಯಂತ್ರವೇ ರೇಖೆಯನ್ನು ಹಿಡಿದು ಹೋಗುವ ವಿಷಯದಲ್ಲಿ ವಾಣಿಜ್ಯ ತಂತ್ರಾಂಶಗಳಿಗೆ ಬಹುಕಾಲ ಮೇಲುಗೈಯಿತ್ತು. ಆರ್ಕ್‌ಮ್ಯಾಪಿಗೆ ಸೇರಿದ ಆರ್ಕ್‌ಸ್ಕ್ಯಾನ್ ಎಂಬ ಭಾಗವು ಇದಕ್ಕೆಂದೇ ಇದ್ದು, ಎಲ್ಲಿ ರೇಖೆ ಕಡಿದಿದೆಯೋ ಅಲ್ಲಿ ಬಳಕೆದಾರನನ್ನು ಕೇಳಿ ಮುಂದುವರಿಯುತ್ತಿದ್ದಿತು. ಗ್ರಾಸಿನಲ್ಲಿ ರೇಖೆಯನ್ನು ತೆಳುವಾಗಿಸುವುದು ಒಂದು ಆಜ್ಞೆ, ಅನಂತರ ರೇಖಾರೂಪಕ್ಕೆ ತಿರುಗಿಸುವುದು ಮತ್ತೊಂದು. ಕಲಿತವನಿಗೆ ಇದು ಸಾಕು, ಹೊಸಬನಿಗೆ ಕಷ್ಟ. ಸತ್ಯವನ್ನು ಮುಚ್ಚಬಾರದು.

ಮೂರನೆಯದು ಶೋಧನ. ಆರ್ಕ್‌ಇನ್ಫೊ ತಂತ್ರಾಂಶದ ಕೀರ್ತಿಗೆ ಮುಖ್ಯಕಾರಣವೇ ಇದು: ರೇಖೆಗಳ ಸಂಧಿಗಳನ್ನೂ ಕ್ಷೇತ್ರಗಳ ನೆರೆಹೊರೆಯನ್ನೂ ಅದು ಲೆಕ್ಕದಲ್ಲಿಡುತ್ತಿದ್ದಿತು. ಗ್ರಾಸ್ ಕೂಡ ಅದೇ ಮತವನ್ನು ಹಿಡಿದು, ಒಂದು ಎಲ್ಲೆಯನ್ನು ಒಂದೇ ಸಲ ಬರೆದಿಡುವುದು. ಮೇಲೆ ಹೇಳಿದ ಮೂರು ಪ್ರಮಾದಗಳಿಗೂ ಅದರಲ್ಲಿ ಪ್ರತ್ಯೇಕವಾದ ಪರಿಹಾರಗಳಿವೆ. ಈ ಪ್ರಕರಣದಲ್ಲಿ ಇಬ್ಬರೂ ಸಮರು.

ನಾಲ್ಕನೆಯದು ಆಶ್ರಯ. ಕೊಂಡವನಿಗೆ ಕೇಳುವ ಹಕ್ಕಿದೆ. ಮಾರಿದವನಿಗೆ ಉತ್ತರಿಸುವ ಹೊಣೆಯಿದೆ. ಮುಕ್ತ ತಂತ್ರಾಂಶದಲ್ಲಿ ಉತ್ತರವು ಸಜ್ಜನರ ಸೌಜನ್ಯದಿಂದ ಬರತಕ್ಕದ್ದು. ದೊಡ್ಡ ಕಚೇರಿಗಳು ವಾಣಿಜ್ಯವನ್ನು ಆರಿಸುವುದಕ್ಕೆ ಇದು ಸಾಧುವಾದ ಕಾರಣವೇ ಅಹುದು.

೭. ಲಿಪಿಯ ಪ್ರಶ್ನೆ

ಇದುವರೆಗೆ ಹೇಳಿದುದರಲ್ಲಿ ತೂಕವು ಸಮವಾಗಿಯೇ ನಿಲ್ಲುವುದು. ಅದು ಒಂದು ಕಡೆಗೆ ವಾಲುವುದು ಲಿಪಿಯ ಪ್ರಶ್ನೆಯಲ್ಲಿ. ಅಂಕೀಕೃತವಾದ ಪಟವು ಯಾವುದಾದರೊಂದು ಕಡತದ ಕ್ರಮದಲ್ಲಿ ಬರೆಯಲ್ಪಡುವುದು. ಆ ಕ್ರಮವೇ ಅದರ ಲಿಪಿ. ಲಿಪಿಯನ್ನು ಓದುವವರಿಲ್ಲದಿದ್ದರೆ ಶಾಸನವು ಬರಿಯ ಕಲ್ಲು.

ಇಲ್ಲಿ ನನ್ನ ಅನುಭವವೊಂದನ್ನು ಹೇಳುವುದು ಅಪ್ರಕೃತವಾಗದು. ಹಲವು ವರ್ಷಗಳ ಹಿಂದೆ ಭೂಗೋಳದ ಅಧ್ಯಾಪಕರೊಬ್ಬರೊಡನೆ ಸೇರಿ, ಒಂದು ತಾಲ್ಲೂಕಿನ ಹಳೆಯ ಪಟದಿಂದ ಗ್ರಾಮಗಳ ಎಲ್ಲೆಗಳನ್ನೂ ಕೆರೆಗಳನ್ನೂ ಅಂಕೀಕರಿಸಿ, ಶಾಸನಗಳ ಸ್ಥಳಗಳನ್ನು ಅದರ ಮೇಲೆ ಗುರುತಿಸಿದೆವು. ಕೆಲಸವು ನಡೆದದ್ದು ಒಂದು ಸಂಸ್ಥೆಯ ಕೋಣೆಯಲ್ಲಿ, ಆ ಸಂಸ್ಥೆಯು ಕೊಂಡ ತಂತ್ರಾಂಶದಲ್ಲಿ. ಎರಡು ಬೇಸಗೆಗಳ ಶ್ರಮ. ಧನಸಹಾಯವು ಮುಗಿಯಿತು, ಲೈಸೆನ್ಸಿನ ಅವಧಿಯು ತೀರಿತು, ಯಂತ್ರವೂ ಕೆಟ್ಟಿತು. ಕಡತಗಳು ನಮ್ಮ ಬಳಿ ಉಳಿದುವು, ಆದರೆ ಅವನ್ನು ತೆರೆಯುವ ಸಾಧನವು ಉಳಿಯಲಿಲ್ಲ. ಇತರರು ಓದಬಲ್ಲ ಕ್ರಮದಲ್ಲಿ ಒಂದು ಪ್ರತಿಯನ್ನು ತೆಗೆದಿಡದೆ ಇದ್ದುದು ನಮ್ಮದೇ ತಪ್ಪು. ಕೊನೆಗೆ ಕಾಗದದ ಪಟವನ್ನೇ ಮತ್ತೆ ಹರಡಿಕೊಂಡು ಮುಕ್ತ ತಂತ್ರಾಂಶದಲ್ಲಿ ಮೊದಲಿನಿಂದ ಮಾಡಿದೆವು. ಆಗ, ಹಿಂದೆ ನಾವು ಅಚ್ಚುಹಾಕಿ ಇಟ್ಟಿದ್ದ ಹಾಳೆಯೊಡನೆ ಹೋಲಿಸಿದಾಗ, ಎರಡು ಗ್ರಾಮಗಳ ಹೆಸರುಗಳು ಅದಲುಬದಲಾಗಿದ್ದುದು ತಿಳಿಯಿತು. ಪಾಠಾಂತರಗಳನ್ನು ನೋಡುವ ಫಲವು ಇಲ್ಲಿಯೂ ದೊರಕಿತು.

ಚರಿತ್ರೆಯಲ್ಲಿಯೂ ಇಂಥದೇ ಉದಾಹರಣೆಯುಂಟು. ಆರ್ಕ್‌ಇನ್ಫೊ ತಂತ್ರಾಂಶದ ಇ೦೦ ಎಂಬ ವಿನಿಮಯಕಡತದ ಕ್ರಮವನ್ನು ಎಸ್ರಿಯವರು ಪ್ರಕಟಿಸಿರಲಿಲ್ಲ. ಹೊರಗಿನವರು ಕಡತಗಳನ್ನು ಬಿಚ್ಚಿನೋಡಿ, ಅಜ್ಞಾತಲಿಪಿಯನ್ನು ಓದುವಂತೆ ಓದಿ, ಅದರ ರಹಸ್ಯವನ್ನು ಕಂಡುಕೊಳ್ಳಬೇಕಾಯಿತು. ಅದೇ ಸಂಸ್ಥೆಯವರು ೧೯೯೮ರಲ್ಲಿ ಶೇಪ್‌ಫೈಲ್ ಎಂಬ ಕಡತದ ವಿವರಣೆಯನ್ನು ತಾವಾಗಿಯೇ ಪ್ರಕಟಿಸಿದರು. ಆ ಒಂದು ಔದಾರ್ಯದಿಂದ ಅದು ಜಗತ್ತಿನ ಸಾಮಾನ್ಯಲಿಪಿಯಾಯಿತು. ಮುಕ್ತ ತಂತ್ರಾಂಶಗಳೆಲ್ಲವೂ ಅದನ್ನು ಓದಿದುವು. ವಾಣಿಜ್ಯವೆಂದಮಾತ್ರಕ್ಕೆ ಮುಚ್ಚಿದ್ದೆಂದು ಹೇಳಲಾಗದೆಂಬುದಕ್ಕೆ ಇದು ಪ್ರಮಾಣ. ಹಾಗೆಯೇ ಫ್ರ್ಯಾಂಕ್ ವಾರ್ಮರ್‌ಡಾಮನು ೧೯೯೮ರಲ್ಲಿ ಮೊದಲುಮಾಡಿದ ಜಿಡಾಲ್ ಎಂಬ ಮುಕ್ತ ಸಾಧನವನ್ನು, ನಾನಾ ಕಡತಗಳನ್ನು ಓದುವುದಕ್ಕಾಗಿ, ಎಸ್ರಿಯವರೂ ತಮ್ಮ ತಂತ್ರಾಂಶದೊಳಗೆ ಸೇರಿಸಿಕೊಂಡಿದ್ದಾರೆ. ಎರಡು ಶಾಖೆಗಳ ಬೇರುಗಳು ಕೆಳಗೆ ಹೆಣೆದುಕೊಂಡಿವೆ.

ಆದರೆ ಶೇಪ್‌ಫೈಲಿನಲ್ಲಿ ಕನ್ನಡಕ್ಕೆ ಇಕ್ಕಟ್ಟುಂಟು. ಅದರಲ್ಲಿ ಅಂಕಣದ ಹೆಸರಿಗೆ ೧೦ ಬೈಟುಗಳು ಮಾತ್ರ, ಒಂದು ಬರಹಕ್ಕೆ ೨೫೪. ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಗೂ ೩ ಬೈಟುಗಳು ಬೇಕು. ಹೀಗಾಗಿ ಅಂಕಣದ ಹೆಸರಿನಲ್ಲಿ ೩ ಚಿಹ್ನೆಗಳಿಗೂ ಬರಹದಲ್ಲಿ ೮೪ ಚಿಹ್ನೆಗಳಿಗೂ ಮಾತ್ರ ಸ್ಥಳವಿದೆ. ನಮ್ಮ ಮೊದಲ ಪ್ರಯತ್ನದಲ್ಲಿ ಊರಹೆಸರುಗಳನ್ನು ರೋಮನ್ ಲಿಪಿಯಲ್ಲಿಯೇ ಬರೆದಿದ್ದೆವು. ಅದರಲ್ಲಿ ‘ಹಳ್ಳಿ’ಗೂ ‘ಹಲ್ಲಿ’ಗೂ ಭೇದವಿಲ್ಲ, ಶಾಸನಗಳ ಱಕಾರ ೞಕಾರಗಳಿಗೆ ಗತಿಯೇ ಇಲ್ಲ. ಸ್ಥಳನಾಮದ ನಿರುಕ್ತಿಯನ್ನು ಹುಡುಕುವವನಿಗೆ ಈ ಎರಡು ಅಕ್ಷರಗಳೇ ಅನೇಕವೇಳೆ ದೀಪಗಳು. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿರುವುದು ಸಂತೋಷದ ಸಂಗತಿ. ೞಕಾರಕ್ಕೆ ಅಲ್ಲಿ ಪ್ರಮಾದದಿಂದ ಫಕಾರವೆಂಬ ಹೆಸರು ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಹಾಗೆಯೇ ನಿಂತಿರುವುದನ್ನು ನೋಡಿದರೆ, ಲೇಖಕಪ್ರಮಾದವು ಯಾವ ಕಾಲದಲ್ಲಿಯೂ ತಪ್ಪದೆಂದು ನಗೆ ಬರುವುದು. ೨೦೧೪ರಲ್ಲಿ ಪ್ರಮಾಣೀಕೃತವಾದ ಜಿಯೋಪ್ಯಾಕೇಜ್ ಎಂಬ ಮುಕ್ತ ಕಡತದಲ್ಲಿ ಈ ಇಕ್ಕಟ್ಟಿಲ್ಲ. ಕನ್ನಡವನ್ನು ಬೇಕಾದಷ್ಟು ಉದ್ದವಾಗಿ ಬರೆಯಬಹುದು. ವಾಣಿಜ್ಯ ತಂತ್ರಾಂಶಗಳೂ ಅದನ್ನು ಓದುತ್ತವೆ.

೮. ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಒಂದು ಆಕ್ಷೇಪವು ಬರಬಹುದು. ಉಪಕರಣವು ಮುಕ್ತವಾದರೇನು, ಪಟವೇ ಮುಕ್ತವಲ್ಲದಿದ್ದರೆ? ಇದು ಯುಕ್ತವಾದ ಆಕ್ಷೇಪವೇ. ನಮ್ಮ ದೇಶದಲ್ಲಿ ಸರ್ವೆ ಇಲಾಖೆಯ ಪಟಗಳ ಬಳಕೆಗೆ ಬಹುಕಾಲ ಬಿಗಿಯಾದ ಕಟ್ಟಳೆಗಳಿದ್ದುವು. ೨೦೦೫ರ ರಾಷ್ಟ್ರೀಯ ಪಟನೀತಿಯು ಸಾರ್ವಜನಿಕರಿಗೆ ಬೇರೊಂದು ಪಟಮಾಲೆಯನ್ನು ಏರ್ಪಡಿಸಿತು. ೨೦೨೧ರ ಫೆಬ್ರವರಿ ೧೫ರ ಮಾರ್ಗಸೂಚಿಗಳು ಭಾರತೀಯರ ಮಟ್ಟಿಗೆ ಹಳೆಯ ಅನುಮತಿಗಳ ತೊಡಕನ್ನು ಬಹುಮಟ್ಟಿಗೆ ಬಿಡಿಸಿದುವು. ದತ್ತಾಂಶದ ಸ್ವಾತಂತ್ರ್ಯವೂ ಉಪಕರಣದ ಸ್ವಾತಂತ್ರ್ಯವೂ ಬೇರೆಬೇರೆ. ಒಂದು ಇಲ್ಲವೆಂದು ಮತ್ತೊಂದನ್ನು ಬಿಡುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ: ಹಣವಿಲ್ಲದೆ ವಿದ್ಯೆಯು ಬೆಳೆಯುವುದೆಂತು? ಭೃತಕಾಧ್ಯಾಪನವನ್ನು ನಮ್ಮ ಧರ್ಮಶಾಸ್ತ್ರಕಾರರು ನಿಂದಿಸಿದರೂ, ಗುರುವಿನ ಮನೆಯಲ್ಲಿಯೂ ಒಲೆ ಉರಿಯಬೇಕು. ಚರಿತ್ರೆಯನ್ನು ನೋಡಿದರೆ ಗ್ರಾಸಿಗೆ ಸೈನ್ಯದ ಹಣ, ಇಲ್ವಿಸಿಗೆ ಮಂತ್ರಾಲಯದ ಹಣ, ಆರ್ಕ್‌ಇನ್ಫೊಗೆ ಗ್ರಾಹಕರ ಹಣವು ಆಧಾರವಾಗಿದ್ದುವು. ಯಾವುದೂ ಹಣವಿಲ್ಲದೆ ಹುಟ್ಟಲಿಲ್ಲ. ಹಣವನ್ನು ಕೊಟ್ಟ ಮೇಲೆ ಮಾತೃಕೆಯು ಯಾರ ಪೆಟ್ಟಿಗೆಯಲ್ಲಿ ಉಳಿಯಿತೆಂಬುದೇ ಭೇದ.

೯. ಉಪಸಂಹಾರ

ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಅದಕ್ಕೂ ಹಣ ವೆಚ್ಚವಾಯಿತು. ಲೇಖಕರಿಗೆ ಕೂಲಿ ಸಂದಿರಲೇಬೇಕು. ಆದರೆ ಪ್ರತಿಯನ್ನು ಪಡೆದವನು ಓದಬಹುದಿತ್ತು, ಮತ್ತೆ ಪ್ರತಿಮಾಡಬಹುದಿತ್ತು, ತಪ್ಪಿದ್ದರೆ ತಿದ್ದಬಹುದಿತ್ತು.

ಆದುದರಿಂದ ನನ್ನ ನಿರ್ಣಯವಿದು. ವೇಗವೂ ಆಶ್ರಯವೂ ಮುಖ್ಯವಾದ ಕಚೇರಿಗಳಲ್ಲಿ ವಾಣಿಜ್ಯ ತಂತ್ರಾಂಶವು ಸಲ್ಲಲಿ, ಅದರಲ್ಲಿ ಗೌರವಭಂಗವಿಲ್ಲ. ವಿದ್ವತ್ಸಂಸ್ಥೆಗಳಲ್ಲಿ, ಮೂರು ವರ್ಷಗಳ ಧನಸಹಾಯದಿಂದ ಮುನ್ನೂರು ವರ್ಷ ಉಳಿಯಬೇಕಾದ ಕೆಲಸವನ್ನು ಮಾಡುವಲ್ಲಿ, ಮುಕ್ತ ತಂತ್ರಾಂಶವೇ ಯೋಗ್ಯವು. ಯಾವುದನ್ನು ಬಳಸಿದರೂ ಮೂರು ನಿಯಮಗಳನ್ನು ಪಾಲಿಸಬೇಕು: ಪ್ರಕಟವಾದ ಕಡತಕ್ರಮದಲ್ಲಿ ಒಂದು ಪ್ರತಿಯನ್ನು ಇಡಬೇಕು, ಸ್ಥಳನಾಮಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬೇಕು, ಯಾವ ಪಟದಿಂದ, ಎಷ್ಟು ಬಿಂದುಗಳಿಂದ, ಎಷ್ಟು ತಪ್ಪಿನೊಡನೆ ತೆಗೆದದ್ದೆಂಬುದನ್ನು ಜೊತೆಯಲ್ಲಿಯೇ ಬರೆದಿಡಬೇಕು. ಈ ಮೂರನೆಯದು ನಮ್ಮ ಹಿಂದಿನ ಲೇಖಕರು ಓಲೆಯ ಕೊನೆಯಲ್ಲಿ ಬರೆಯುತ್ತಿದ್ದ ಸಮಾಪ್ತಿವಾಕ್ಯಕ್ಕೆ ಸಮಾನವಾದುದು. ನಾವು ಕಳೆದುಕೊಂಡ ಎರಡು ಬೇಸಗೆಗಳು ಮುಂದಿನವರಿಗೆ ಉಳಿಯಲಿ ಎಂಬುದೇ ಈ ಲೇಖನದ ಪ್ರಯೋಜನವು.